ಸೋಮವಾರದ ಹಾಳೆಗಳು

ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದೆ. ಪಕ್ಕದ ಮನೆಯಾಕೆ ಒಳಗೆ ಬಂದು ದನಿ ತಗ್ಗಿಸಿದಳು.

"ಯಕ್ಕಾ, ಮಾಸ್ತರ್ರು ಹಾನಗಲ್ ಬಸ್ಸಿಗೆ ಬಂದಾರ. ಸಂಘ ಬಿಟ್ಟವರ ಮನಿಮನಿಗೆ ಹೋಗಿ, ಅವರು ಬರದಕೊಟ್ಟ ಹಾಳಿ ಮನಿಯವರ ಮುಂದ ಓದಿ ತೋರ್ಸಾಕತ್ತಾರ. ನಾಳೆ ನಿಮ್ಮನಿ ಅಂತ."

ಮೊರ ಪಕ್ಕಕ್ಕಿಟ್ಟೆ.

ಮನಸ್ಸು ಗಟ್ಟಿ ಮಾಡಿಕೊಳ್ಳುವುದನ್ನು ಕಲಿಸುತ್ತೇನೆ ಎನ್ನುತ್ತಿದ್ದ ಆ ಮಾಸ್ತರರ ಸಂಘಕ್ಕೆ ಎರಡು ವರ್ಷ ಹೋಗಿದ್ದೆ. ಪ್ರತಿ ಸೋಮವಾರ ನಮ್ಮ ತಪ್ಪುಗಳನ್ನು ಬರೆದು, ಸಹಿ ಹಾಕಿ ಕೊಡಬೇಕಿತ್ತು. ತಪ್ಪಿಲ್ಲ ಎಂದವರನ್ನು ಎಲ್ಲರೆದುರು ನಿಲ್ಲಿಸಿ ಬೈಯುತ್ತಿದ್ದರು. ಒಂದು ಸೋಮವಾರ ಏನೂ ಹೊಳೆಯದೆ, ಅತ್ತೆ ಸಾಯಲಿ ಎಂದುಕೊಂಡೆ ಎಂದು ಬರೆದುಬಿಟ್ಟೆ. ಕೊರಳಿನ ಲಿಂಗ ಬಿಚ್ಚಿಡಿ, ನಿಮ್ಮ ಮನಸ್ಸೇ ದೇವರು ಎಂದು ಮಾಸ್ತರರು ಹೇಳಿದ ದಿನ ಸಂಘ ಬಿಟ್ಟು ಎದ್ದು ಬಂದೆ. ಅಂದಿನಿಂದ ದಿನಾ ಪೂಜೆ ಮಾಡಿಕೊಂಡು, ಮನೆಯವರೊಂದಿಗೆ ಕುಳಿತು ನಗುವುದನ್ನು ಮತ್ತೆ ಕಲಿಯುತ್ತಿದ್ದೆ.

ಹಾಳೆ ಬರುವ ಮೊದಲು ನಾನೇ ಹೇಳಬೇಕೆಂದು ಪಡಸಾಲೆಗೆ ಹೋದೆ. ದೀಪದ ಬತ್ತಿ ಹೊಸೆಯುತ್ತಿದ್ದ ಅತ್ತೆ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ನಮ್ಮತ್ತಿ ಸಾಯ್ಲಿ ಅಂತ ನಾನೂ ಅಂದ್ಕೊಂಡಿದ್ದೆ ತಗೋ. ನಿನ್ನಂಗ ಸಹಿ ಮಾಡಿ ಕೊಡ್ಲಿಲ್ಲ, ಅಷ್ಟ." ಆಮೇಲೆ ಅವರ ಕೈ ನಿಂತಿತು. "ಮತ್ತ, ನನ್ನ ಮಗನ ಬಗ್ಗೆ ಏನೇನ ಬರದಿ?"

ಎರಡು ವರ್ಷದ ಸೋಮವಾರಗಳಲ್ಲಿ ಏನೇನು ಬರೆದಿದ್ದೆನೋ ನನಗೇ ನೆನಪಿರಲಿಲ್ಲ. ಮನೆಯಿಂದ ಹೊರಗೆ ಹೋಗು ಎಂದು ಅತ್ತೆ ಹೇಳಲಿಲ್ಲ, ಅಷ್ಟು ಶಿವನ ದಯೆ. ಯಜಮಾನರು ಹೊಲದಿಂದ ಉಣ್ಣಲು ಬರುವ ಹೊತ್ತಾಗಿತ್ತು. ಅವರಿಗೂ ನಾನೇ ಹೇಳಬೇಕಿತ್ತು. ಒಳಗೆ ಹೋಗಿ ಒಲೆಯ ಮೇಲೆ ಎಸರಿಟ್ಟೆ.