ಖಾಲಿ ಎನ್ನುವ ಮೊದಲು

ಕಲ್ಲುಗಣಿಯ ಡಂಪರ್‌ಗೆ ಹಾಕುವ ಒಂದು ಟೈರಿಗೆ ಎರಡು ಲಕ್ಷದ ಮೇಲೆ ಬೀಳುತ್ತದೆ. ಒಂದು ಡಂಪರ್‌ಗೆ ಅಂಥವು ಆರು ಬೇಕು. ಮುಂದೆ ಎರಡು, ಹಿಂದೆ ಎಡಕ್ಕೂ ಬಲಕ್ಕೂ ಜೋಡಿ ಜೋಡಿಯಾಗಿ ನಾಲ್ಕು. ಟೈರು ಕೈಕೊಟ್ಟು ಡಂಪರ್ ಒಂದು ಗಂಟೆ ನಿಂತರೆ ಗಣಿಗೆ ಆರು ಸಾವಿರ ನಷ್ಟ. ಆ ಟೈರನ್ನು ಬಿಚ್ಚಿ, ತೂತು ಮುಚ್ಚಿ, ಮತ್ತೆ ಕೂರಿಸಿ ಗಾಳಿ ತುಂಬಿದ್ದಕ್ಕೆ ಕಡ್ಡಿಯಣ್ಣನಿಗೆ ಸಿಗುವುದು ಎರಡೂವರೆ ಸಾವಿರ. ಡೀಸೆಲ್ಲು, ಪ್ಯಾಚು, ಹಳೇ ಪಿಕಪ್ ಗಾಡಿಯ ರಿಪೇರಿ ಕಳೆದು ಮನೆಗೆ ಒಂದು ಸಾವಿರ ಮುಟ್ಟಿದರೆ ಹೆಚ್ಚು. ಅವರ ಹೆಸರಿಗೇ ಅಂಟಿಕೊಂಡಿರುವ ಕಡ್ಡಿ ಮಾತ್ರ ಮುರಿದ ಕೊಡೆಯದು. ಅದಕ್ಕೆ ಅವರು ಏನೂ ಕೊಟ್ಟಿಲ್ಲ.

ಬೆಳಗಿನ ಐದೂಮುಕ್ಕಾಲು. ಇಬ್ಬನಿಗೆ ಕಲ್ಲುಪುಡಿ ನೆಲ ಕಚ್ಚಿಕೊಂಡಿದೆ. ಡಂಪರ್‌ನ ಹಿಂಭಾಗ ಜಾಕಿನ ಮೇಲಿದೆ; ಜಾಕನ್ನು ಪೂರ್ತಿ ನಂಬದೆ ಪಕ್ಕದಲ್ಲಿ ಮರದ ದಿಮ್ಮಿಗಳನ್ನು ಒಟ್ಟಿದ್ದಾರೆ. ಕಡ್ಡಿಯಣ್ಣ ತಮ್ಮಷ್ಟೇ ಎತ್ತರದ ಆ ಟೈರಿಗೆ ಎದುರಾಗಿ ಎಂದೂ ನಿಲ್ಲುವುದಿಲ್ಲ. ಬದಿಗೆ ಸರಿದು, ಮೊಣಕಾಲೂರಿ, ತೋಳು ಚಾಚಿ ವಾಲ್ವಿನ ಪಿನ್ನು ತಿರುಗಿಸುತ್ತಾರೆ. ಗಾಳಿ ಸುಂಯ್ ಎಂದು ಹೊರಡುತ್ತದೆ. ಅದು ನಿಂತ ಮೇಲೆ ಕೊಡೆಯ ಕಡ್ಡಿಯನ್ನು ವಾಲ್ವಿನೊಳಗೆ ಇಳಿಬಿಟ್ಟು, ತಳ ಮುಟ್ಟುವವರೆಗೂ ಆಡಿಸಿ ನೋಡುತ್ತಾರೆ. ಆಮೇಲೆ ಒಳಗಿನ ಟೈರಿಗೆ ಕೈ ಹಾಕುತ್ತಾರೆ.

"ಅಣ್ಣ, ಪಂಕ್ಚರ್ ಆಗಿರೋದು ಹೊರಗಿಂದು. ಒಳಗಿಂದು ಗುಂಡುಕಲ್ಲಿನ ಹಾಗಿದೆ. ಅದರ ಪ್ರಾಣ ಯಾಕೆ ತೆಗೀತೀರಿ?" ಎಂದು ಡಂಪರ್‌ನ ಚಾಲಕ ಕೇಳುತ್ತಾನೆ. ಗಣಿಯಲ್ಲಿ ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುವುದು. ಹದಿನೈದು ವರ್ಷದಿಂದ ಇದೇ ಪ್ರಶ್ನೆ ಕೇಳುತ್ತಿದ್ದಾನೆ, ಉತ್ತರ ಗೊತ್ತಿದ್ದೂ.

"ಗುಂಡುಕಲ್ಲಿನ ಹಾಗಿರೋದಕ್ಕೇ ತೆಗೀಬೇಕು. ಪಂಕ್ಚರ್ ಆಗಿರೋದು ಯಾರಿಗೇನು ಮಾಡುತ್ತೆ, ನಿನ್ನ ಮೀಸೆ ಇದ್ದ ಹಾಗೆ."

ಈ ಟೈರು ಕೂರುವ ರಿಮ್ಮು ಕಾರಿನದರಂತೆ ಒಂದೇ ತುಂಡಲ್ಲ. ಹಲವು ತುಂಡುಗಳನ್ನು ಒಂದು ಉಕ್ಕಿನ ಬಳೆ ಹಿಡಿದಿಟ್ಟಿರುತ್ತದೆ. ಒಳಗೆ ತೊಂಬತ್ತು ಪೌಂಡ್ ಗಾಳಿ ಒತ್ತುತ್ತಿರುವಾಗ ರಿಮ್ಮಿನಲ್ಲಿ ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಅದು ಕಣ್ಣಿಗೆ ಕಾಣುವುದಿಲ್ಲ. ನಟ್ಟುಗಳು ಬಿಗಿಯಾಗಿರುವ ತನಕ ಸರಿ. ಸಡಿಲಿಸಿದ ಗಳಿಗೆಯಲ್ಲಿ ಬಳೆ, ರಿಮ್ಮಿನ ತುಂಡು ಎಲ್ಲವೂ ಎದುರಿಗಿದ್ದವರ ಮೇಲೆ ಹಾರುತ್ತವೆ. ಅದಕ್ಕೇ ಜೋಡಿಯ ಎರಡೂ ಟೈರಿನ ಗಾಳಿ ತೆಗೆದ ಮೇಲೇ ಕಡ್ಡಿಯಣ್ಣ ನಟ್ಟಿಗೆ ಸ್ಪ್ಯಾನರ್ ಹಾಕುವುದು. ತೆಗೆಯಲು ಮುಕ್ಕಾಲು ಗಂಟೆ, ಮತ್ತೆ ತುಂಬಲು ಅಷ್ಟೇ. ಒಂದು ಟೈರಿಗೆ ಮೂರು ಗಂಟೆ ಹಿಡಿಯುತ್ತದೆ.

ಆ ಮೂರು ಗಂಟೆಯೇ ಈಗ ಅವರ ಕುತ್ತಿಗೆಗೆ ಬಂದಿದೆ. ಗಣಿಗೆ ಹೊಸ ಮ್ಯಾನೇಜರ್ ಬಂದು ಎರಡು ತಿಂಗಳಾಯಿತು. ಒಂದೂವರೆ ಗಂಟೆಯಲ್ಲಿ ಟೈರು ಬದಲಿಸಿಕೊಡುತ್ತೇವೆ ಎಂಬ ಬೇರೆ ತಂಡದವರ ಕಾಗದ ಅವರ ಮೇಜಿನ ಮೇಲಿದೆ. ವರ್ಷದ ಕರಾರು ಈ ತಿಂಗಳಿಗೆ ಮುಗಿಯುತ್ತದೆ. ಅದೇ ಮಾತಿಗೆ ಕಡ್ಡಿಯಣ್ಣನೂ ಒಪ್ಪಿ ಸಹಿ ಹಾಕಿದರೆ ಕೆಲಸ ಅವರದು, ಇಲ್ಲದಿದ್ದರೆ ಆರು ಡಂಪರ್‌ಗಳೂ ಕೈತಪ್ಪುತ್ತವೆ. ಅವರ ಅರ್ಧ ಸಂಪಾದನೆ ಇರುವುದು ಇಲ್ಲೇ.

ಕಡ್ಡಿಯಣ್ಣನಿಗೆ ನಲವತ್ತೆಂಟು ವರ್ಷ. ಎಡಗಿವಿ ಕೇಳುವುದಿಲ್ಲ, ಗೊತ್ತಿದ್ದವರು ಬಲಕ್ಕೆ ಬಂದು ಮಾತಾಡುತ್ತಾರೆ. ಈ ಕೆಲಸ ಕಲಿಸಿದ್ದು ಅವರ ಒಡಹುಟ್ಟಿದ ಅಣ್ಣ. ಇಪ್ಪತ್ತಾರು ವರ್ಷದ ಹಿಂದೆ, ಮಳೆ ಬಿಟ್ಟ ಒಂದು ಬೆಳಿಗ್ಗೆ, ಇಬ್ಬರೂ ಸೇರಿ ಒಂದು ಡಂಪರ್‌ನ ಹಿಂದಿನ ಟೈರು ಬಿಚ್ಚುತ್ತಿದ್ದರು. ಒಳಗಿನ ಟೈರಿನ ವಾಲ್ವಿಗೆ ಕೆಸರು ಹೊಕ್ಕು ಒಣಗಿ ಬಿರಡೆಯಂತೆ ಕೂತಿತ್ತು. ಪಿನ್ನು ತೆಗೆದರೂ ಸದ್ದು ಬರಲಿಲ್ಲ. ಟೈರು ಮೊದಲೇ ಇಳಿದಿದೆ ಎಂದುಕೊಂಡರು. ಅಣ್ಣ ನಾಲ್ಕನೇ ನಟ್ಟು ಸಡಿಲಿಸುವಾಗ ರಿಮ್ಮು ಸಿಡಿಯಿತು. ತಮ್ಮನಿಗೆ ಒಂದು ಕಿವಿ ಹೋಯಿತು. ಅಣ್ಣನನ್ನು ಆಸ್ಪತ್ರೆಗೆ ಒಯ್ಯುವ ಅಗತ್ಯವೇ ಬೀಳಲಿಲ್ಲ.

ಮರುವಾರದಿಂದ ಅವರು ಕಡ್ಡಿ ಹಿಡಿದರು. ಅವತ್ತಿನಿಂದ ಬಿಚ್ಚಿದ ಟೈರುಗಳು ಹದಿನೈದು ಸಾವಿರದ ಮೇಲೆ. ಪ್ರತಿಯೊಂದಕ್ಕೂ ಕಡ್ಡಿ ಇಳಿಸಿದ್ದಾರೆ. ಅಷ್ಟು ಟೈರುಗಳಲ್ಲಿ ಕಡ್ಡಿ ನಡುವೆ ತಡೆದದ್ದು, ಚುಚ್ಚಿದ ಮೇಲೆ ಅಡಗಿದ್ದ ಗಾಳಿ ಬುಸ್ಸೆಂದು ಬಂದದ್ದು, ಆರು ಸಲ.

ಅವರ ಶೆಡ್ಡು ಮುಖ್ಯರಸ್ತೆಯ ತಿರುವಿನಲ್ಲಿದೆ. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ. ತೂತು ಮುಚ್ಚುವ ಕೆಲಸ ಇಲ್ಲಿ ಅತ್ತಿಗೆಯದು. ಗಂಡ ಹೋದ ಮೇಲೆ ಮೈದುನನ ಜೊತೆ ನಿಂತು ಕಲಿತರು. ಉಗುರಿನಗಲದ ತೂತಿಗೆ ಅಂಗೈಯಗಲ ರಬ್ಬರು ಉಜ್ಜಿ, ಹಸಿ ಪ್ಯಾಚು ಕೂರಿಸಿ, ಬಿಸಿ ಅಚ್ಚಿನಡಿ ಬಿಗಿದು, ಬೆರಳಿನಿಂದ ಒತ್ತಿ ನೋಡಿ ಬೆಂದಿದೆಯೋ ಇಲ್ಲವೋ ಹೇಳುತ್ತಾರೆ. ಅವರ ಕೈಯ ಪ್ಯಾಚು ಎದ್ದು ವಾಪಸು ಬಂದದ್ದು ಕಡಿಮೆ. ಎರಡು ಸಂಸಾರ ಒಂದೇ ಸೂರಿನಡಿ ಇವೆ; ಅಪ್ಪ ಹೋದಾಗ ಹೊಟ್ಟೆಯಲ್ಲಿದ್ದ ಅತ್ತಿಗೆಯ ಮಗಳು ತಡವಾಗಿ ಸೇರಿ ದಾದಿಯ ಕೆಲಸ ಕಲಿಯುತ್ತಿದ್ದಾಳೆ, ಕಡ್ಡಿಯಣ್ಣನ ಹೆಂಡತಿ ಮನೆಯಲ್ಲೇ ಹೊಲಿಗೆ ಹಾಕುತ್ತಾರೆ.

ಮ್ಯಾನೇಜರ್ ಕೊಟ್ಟ ಕರಾರಿನ ಕಾಗದವನ್ನು ಅವರು ಮಧ್ಯಾಹ್ನ ಅತ್ತಿಗೆಯ ಮುಂದೆ ಇಡುತ್ತಾರೆ.

"ಓದಿ ಹೇಳು, ನನ್ನ ಕೈಯೆಲ್ಲ ಮಸಿ," ಎನ್ನುತ್ತಾರೆ ಅತ್ತಿಗೆ.

"ಒಂದೂವರೆ ಗಂಟೆ ದಾಟಿದ್ರೆ ದಂಡ, ಅಂತಿದೆ."

"ಆಗುತ್ತಾ ನಿನ್ನ ಕೈಲಿ?"

"ಆಗುತ್ತೆ ಅತ್ತಿಗೆ. ಗಾಳಿ ತೆಗೀದೆ ಇದ್ರೆ ಒಂದೂವರೆ ಗಂಟೇಲಿ ಆಗುತ್ತೆ."

ಅತ್ತಿಗೆ ಅಚ್ಚಿನ ತಿರುಪು ಒಂದು ಸುತ್ತು ಬಿಗಿಯುತ್ತಾರೆ. "ಹೊಟ್ಟೆ ನೋಡ್ಬೇಕು, ನಿಜ. ಮಗಳ ಫೀಸು ಇನ್ನೂ ಒಂದು ವರ್ಷ ಇದೆ, ಅದೂ ನಿಜ. ನೀನು ಸಹಿ ಹಾಕಿದ್ರೆ ನಾನು ಬೇಡ ಅನ್ನಲ್ಲ. ಆದ್ರೆ ದಿನಾ ಬೆಳಿಗ್ಗೆ ನೀನು ಗಾಡಿ ಹತ್ತಿ ಹೋದ್ಮೇಲೆ ಈ ಅಂಗಡಿ ಬಾಗಿಲಲ್ಲಿ ಕೂರೋಳು ನಾನು. ಅದನ್ನೂ ಲೆಕ್ಕಕ್ಕೆ ತಗೋ."

ಮಾರನೆಯ ದಿನ ಕಡ್ಡಿಯಣ್ಣ ಸಹಿ ಇಲ್ಲದ ಕಾಗದವನ್ನು ಮ್ಯಾನೇಜರ್ ಮೇಜಿನ ಮೇಲೆ ಇಡುತ್ತಾರೆ. ಮ್ಯಾನೇಜರ್ ಕೆಟ್ಟವರಲ್ಲ, ಲೆಕ್ಕದವರು.

"ಕಡ್ಡಿ ಎಷ್ಟು ಸಲ ತಡೆದಿದೆ ಅಂದ್ರಿ?"

"ಆರು ಸಲ ಸರ್."

"ಹದಿನೈದು ಸಾವಿರಕ್ಕೆ ಆರು. ಅಷ್ಟಕ್ಕೆ ಪ್ರತಿ ಟೈರಿಗೂ ಒಂದೂವರೆ ಗಂಟೆ ಹಾಳು ಮಾಡ್ತೀರಾ?"

"ಆರು ಸಲ ಅಂದ್ರೆ ಆರು ಮನೆ ಸರ್."

ಮ್ಯಾನೇಜರ್ ಪೆನ್ನಿನ ಮುಚ್ಚಳ ಹಾಕುತ್ತಾರೆ. ಕರಾರು ಬೇರೆಯವರಿಗೆ ಹೋಗುತ್ತದೆ. ಎದ್ದು ಬರುವಾಗ ಕಡ್ಡಿಯಣ್ಣ ಒಂದೇ ಒಂದು ಕೇಳಿಕೊಳ್ಳುತ್ತಾರೆ: ಹೊಸಬರಿಗೆ ಮೂರು ದಿನ ಈ ಡಂಪರ್‌ಗಳ ರಿಮ್ಮು ತೋರಿಸಿಕೊಡಲು ಬಿಡಬೇಕು.

"ಕೂಲಿ ಕೊಡೋಕಾಗಲ್ಲ," ಎನ್ನುತ್ತಾರೆ ಮ್ಯಾನೇಜರ್.

"ಕೇಳಲಿಲ್ಲ ಸರ್."

ಹೊಸ ತಂಡದ ಮೇಸ್ತ್ರಿ ಚುರುಕು ಮನುಷ್ಯ. ಟೈರನ್ನು ಅವುಚಿ ಎತ್ತುವ ಯಂತ್ರ ತಂದಿದ್ದಾನೆ. ಅದನ್ನು ಕಂಡು ಕಡ್ಡಿಯಣ್ಣನಿಗೂ ಆಸೆಯಾಗುತ್ತದೆ. ಮೊದಲೆರಡು ದಿನ ಮೇಸ್ತ್ರಿಗೆ ಇವರು ತಮಾಷೆಯ ವಸ್ತು. "ಯಜಮಾನ್ರೇ, ಊರವರೆಲ್ಲ ಮಾತಲ್ಲಿ ಕಡ್ಡಿ ಆಡಿಸ್ತಾರೆ, ನೀವು ಟೈರಲ್ಲಿ ಆಡಿಸ್ತೀರಿ," ಎಂದು ನಗುತ್ತಾನೆ. ಮೂರನೆಯ ದಿನ ಅವನ ಕೆಲಸಗಾರನೊಬ್ಬ ಒಳಗಿನ ಟೈರಿನ ಪಿನ್ನು ಕಿತ್ತು, ಒಂದು ಗಳಿಗೆ ಕಿವಿಗೊಟ್ಟು, "ಖಾಲಿ," ಎನ್ನುತ್ತಾನೆ. ಮೇಸ್ತ್ರಿ ಸ್ಪ್ಯಾನರ್ ಎತ್ತಿಕೊಳ್ಳುತ್ತಾನೆ.

ಕಡ್ಡಿಯಣ್ಣ ನಟ್ಟಿನ ಮೇಲೆ ಕೈ ಅಡ್ಡ ಇಡುತ್ತಾರೆ. ಹೊರಗಿನವರಿಗೆ ಎಂದೂ ಹೇಳದ ಮಾತನ್ನು ಅಲ್ಲಿ ಹೇಳುತ್ತಾರೆ.

"ನಮ್ಮಣ್ಣನಿಗೆ ಖಾಲಿ ಅಂತ ಹೇಳಿದ್ದು ನಾನು. ಪಿನ್ನು ತೆಗೆದೋನು ನಾನೇ. ಸದ್ದು ಬರಲಿಲ್ಲ, ಖಾಲಿ ಅಣ್ಣ ಅಂದೆ. ಅವನು ತಿರುಗಿ ಕೇಳಲೂ ಇಲ್ಲ. ತಮ್ಮ ಹೇಳಿದ ಮೇಲೆ ಮುಗೀತು ಅಂತ ನಟ್ಟಿಗೆ ಕೈ ಹಾಕ್ದ. ನನ್ನನ್ನ ಯಾರೂ ಏನೂ ಅನ್ನಲಿಲ್ಲ. ನೀವು ಏನು ಬೇಕಾದ್ರೂ ಬಿಡಿ, ನೋಡದೆ ಆ ಒಂದು ಮಾತು ಹೇಳ್ಬೇಡಿ."

ಮೇಸ್ತ್ರಿ ಸ್ಪ್ಯಾನರ್ ಕೆಳಗಿಡುತ್ತಾನೆ. ಪಿನ್ನು ಕಿತ್ತವನು ತಾನೇ ಕಡ್ಡಿ ಇಸಿದುಕೊಂಡು ವಾಲ್ವಿಗೆ ಇಳಿಸುತ್ತಾನೆ. ಅದು ತಡೆಯಿಲ್ಲದೆ ತಳ ಮುಟ್ಟುತ್ತದೆ. ಟೈರು ನಿಜಕ್ಕೂ ಖಾಲಿಯೇ ಇತ್ತು.

ಅತ್ತಿಗೆಗೆ ಈ ಮಾತು ಹೇಳಲು ಅವರಿಗೆ ಹನ್ನೊಂದು ವರ್ಷ ಬೇಕಾಗಿತ್ತು. "ಶೆಡ್ಡಲ್ಲೇ ಹೇಳ್ದೆ," ಎಂದು ನೆನೆಯುತ್ತಾರೆ. "ಅವರು ಪ್ಯಾಚು ಉಜ್ಜೋದು ನಿಲ್ಲಿಸಲೇ ಇಲ್ಲ. 'ನನಗೆ ಅವತ್ತೇ ಗೊತ್ತಿತ್ತು, ಅಲ್ಲಿದ್ದೋರು ಇಬ್ರೇ ಅಲ್ವಾ,' ಅಂದ್ರು. ಆಮೇಲೆ ಊಟಕ್ಕೆ ಕರೆದ್ರು."

ಇದೆಲ್ಲ ಆಗಿ ಐದು ತಿಂಗಳಾಯಿತು. ಗಣಿಯ ಚಾಲಕರು ತಮ್ಮೊಳಗೆ ಒಂದು ಕಟ್ಟುಪಾಡು ಮಾಡಿಕೊಂಡಿದ್ದಾರೆ. ಜೋಡಿಯ ಎರಡೂ ಟೈರಿನ ಗಾಳಿ ತೆಗೆದು ಕಡ್ಡಿ ಇಳಿಸಿದ್ದನ್ನು ಕಣ್ಣಾರೆ ನೋಡುವ ತನಕ ಯಾವ ಚಾಲಕನೂ ಡಂಪರ್ ಬಿಟ್ಟು ಕದಲುವುದಿಲ್ಲ, ನಟ್ಟು ಮುಟ್ಟಲು ಬಿಡುವುದಿಲ್ಲ. ಶುರುಮಾಡಿದವನು ಮೀಸೆ. ಮ್ಯಾನೇಜರ್ ಎರಡು ಸಲ ಮುಖ ಊದಿಸಿಕೊಂಡು, ಮೂರನೆಯ ಸಲ ಸುಮ್ಮನಾದರು. ಹೊಸ ತಂಡಕ್ಕೆ ಈಗ ಒಂದು ಟೈರಿಗೆ ಎರಡೂಮುಕ್ಕಾಲು ಗಂಟೆ ಹಿಡಿಯುತ್ತದೆ. ದಂಡದ ಸಾಲನ್ನು ಕರಾರಿನಿಂದ ತೆಗೆದಿದ್ದಾರೆ. ಹಾಗೆಂದು ಕಡ್ಡಿಯಣ್ಣನನ್ನು ಯಾರೂ ವಾಪಸು ಕರೆದಿಲ್ಲ.

ಅವರು ಈಗ ಮರ ಸಾಗಿಸುವ ಲೋಡರ್, ದೊಡ್ಡ ಟ್ರ್ಯಾಕ್ಟರ್‌ಗಳ ಬೆನ್ನು ಹತ್ತಿ ಇನ್ನೂ ದೂರ ಹೋಗುತ್ತಾರೆ. ವಾರಕ್ಕೆ ಹನ್ನೆರಡು ಟೈರು ಸಿಗುತ್ತಿದ್ದದ್ದು ಏಳಕ್ಕೆ ಇಳಿದಿದೆ. ಎರಡನೇ ಕಂಪ್ರೆಸರ್ ಮಾರಿ ಮಗಳ ಫೀಸು ಕಟ್ಟಿದ್ದಾರೆ. ಆಸೆ ಏನಾದರೂ ಇದೆಯೇ ಎಂದರೆ ಟೈರು ಎತ್ತುವ ಆ ಯಂತ್ರದ ಮಾತು ತೆಗೆಯುತ್ತಾರೆ. "ಹಳೇದಾದ್ರೂ ಪರವಾಗಿಲ್ಲ. ಸೊಂಟ ಮಾತು ಕೇಳ್ತಿಲ್ಲ."

"ಅವನ ಸೊಂಟ ಯಾವತ್ತೂ ಮಾತು ಕೇಳಿದ್ದೇ ಇಲ್ಲ," ಎಂದು ಅತ್ತಿಗೆ ಒಳಗಿನಿಂದಲೇ ಸೇರಿಸುತ್ತಾರೆ.

ಗಣಿಯ ಕೆಲಸ ಹೋಯಿತು, ಅರ್ಧ ಸಂಪಾದನೆ ಹೋಯಿತು. ಐದು ತಿಂಗಳಲ್ಲಿ ಆ ಗಣಿಯಲ್ಲಿ ನೂರಾನಲವತ್ತು ಟೈರು ಬಿಚ್ಚಿದ್ದಾರೆ, ಯಾರಿಗೂ ಏನೂ ಆಗಿಲ್ಲ.