ಅಚ್ಚಿನ ಮೇಲಿನ ಗುರುತು

ಕೌಜಲಗಿಯ ನಮ್ಮ ಅತ್ತೆಯ ಮನೆಯಲ್ಲಿ ಗುರುತಿಲ್ಲದ ಸಾಮಾನೇ ಇರಲಿಲ್ಲ. ತಾಟು, ತಂಬಿಗೆ, ಕುಡಗೋಲು, ಎಲ್ಲಕ್ಕೂ ಮಾವ ಸುತ್ತಿಗೆ, ಚಾಣ ಹಿಡಿದು ಗೆರೆ ಕೊರೆದಿದ್ದರು. ಮೂಡಲಗಿಯ ಕಮ್ಮಾರನ ಹತ್ತಿರ ಅದಲುಬದಲಾದೀತೆಂದು ಚಕ್ಕಡಿಯ ಕಬ್ಬಿಣದ ಅಚ್ಚಿಗೂ, ಗಾಲಿಯ ಒಳಮಗ್ಗುಲಲ್ಲಿ, ಆಳವಾಗಿ ಒಂದು ಅಡ್ಡಗೆರೆ ಹೊಡೆದಿದ್ದರು. ಸ್ವಾತಂತ್ರ್ಯ ಬಂದ ಮೇಲಿನ ಮಾತು. ನಾನು ಆಗ ಹೊಸ ಸೊಸೆಯೇನಲ್ಲ, ದುಡಿದು ಹಳಬಳಾಗಿದ್ದೆ.

ಅಚ್ಚಿಗೆ ಎಣ್ಣೆ ಹಾಕುವುದೂ ನನ್ನದೇ ಕೆಲಸ. ಒಂದು ದಿನ ಒರೆಸುವಾಗ ಆ ಗುರುತಿನ ತಳದಲ್ಲಿ ನನ್ನ ಉಗುರು ಸಿಕ್ಕಿಕೊಂಡಿತು. ಕೂದಲೆಳೆಯಂಥ ಬಿರುಕು. ಎಣ್ಣೆಯ ಗಡಿಗೆ ಸೀಳಿದೆಯೇ ಎಂದು ನಾವು ಸುಣ್ಣ ಬಳಿದು ನೋಡುತ್ತಿದ್ದೆವು, ಇದಕ್ಕೂ ಬಳಿದೆ. ಒಣಗಿದ ಮೇಲೆ ಒಳಗಿನ ಎಣ್ಣೆ ಒಸರಿ ಕರಿಗೆರೆ ಮೂಡಿತು. ಚಕ್ಕಡಿ ಹೇರು ಹೊತ್ತು ಬಂದಾಗಲೆಲ್ಲ ಮತ್ತೆ ಬಳಿದು ನೋಡಿದೆ. ಗೆರೆ ಬೆಳೆಯುತ್ತಲೇ ಇತ್ತು.

ಹುಕ್ಕೇರಿ ಕಡೆಯ ದಡ್ಡಿ ಊರಿಗೆ ಕೊಟ್ಟ ನಾದಿನಿ ಚೊಚ್ಚಲ ಬಸುರಿ. ಹೆರಿಗೆಗೆ ಅವಳನ್ನು ಕರೆತರಲು ಈ ಚಕ್ಕಡಿಯೇ ಹೋಗಬೇಕಿತ್ತು. ಮಾವನ ಎದುರು ಸೊಸೆ ಮಾತಾಡುವ ಪದ್ಧತಿ ಇರಲಿಲ್ಲ. ಬಾಗಿಲ ಹಿಂದೆ ನಿಂತು ಅತ್ತೆಗೆ ಹೇಳಿದೆ.

"ಅತ್ತಿ, ಅಚ್ಚು ಸೀಳೈತಿ ಅನ್ರಿ. ಬಸುರಿನ್ನ ಅದರಾಗ ಕೂಡ್ರಸಬ್ಯಾಡ್ರಿ."

ಕೇಳಿಸಿದರೂ ಮಾವ ಅತ್ತೆಗೇ ಉತ್ತರ ಕೊಟ್ಟರು. "ಕಬ್ಬಿಣ ಐತಿ ಅದು, ನಿನ್ನ ಸೊಸಿ ಗಡಿಗಿ ಅಲ್ಲ. ನಿನ್ನಿ ಗೊಬ್ಬರ ಹೇರಿದ್ವಿ, ಮುರೀತೇನು?"

"ನಿನ್ನಿ ಹೊತ್ತಿದ್ದಕ್ಕ ಇವತ್ತ ಇನ್ನಷ್ಟು ಸೀಳೈತಿ ಅನ್ರಿ."

ನಡುವೆ ನಿಂತ ಅತ್ತೆಗೆ ಸಾಕಾಯಿತು. "ನಿಮ್ಮಿಬ್ಬರ ಬಾಯಾಗ ನಾ ಯಾಕ ಸಾಯಬೇಕು? ಬಾಜೂ ಮನಿ ಚಕ್ಕಡಿ ಕೇಳಿ ತಗೊಂಡ ಹೋಗ್ರಿ. ಅಚ್ಚು ಬೇಕಾದಷ್ಟು ಸಿಗತಾವ, ಮಗಳು ಒಬ್ಬಾಕಿ ಅದಾಳ."

ಮಾವ ಗೊಣಗುತ್ತಲೇ ಬೇರೆ ಚಕ್ಕಡಿ ಹೂಡಿಕೊಂಡು ಹೋದರು. ನಾದಿನಿ ಬಂದಳು. ಕಾಲು ಬಾತಿದ್ದವು. ಅವಳಿಗೆ ನೀರು ಕಾಯಿಸುವ ಕೆಲಸ ನನಗೆ ಕೂಡಿತು.

ನಮ್ಮ ಚಕ್ಕಡಿಯಲ್ಲಿ ಗೊಬ್ಬರ ಹೇರುವುದನ್ನು ಮಾತ್ರ ಮಾವ ಬಿಡಲಿಲ್ಲ. ಅದೇ ವಾರ ಹಳ್ಳದ ಇಳಿಜಾರಿನಲ್ಲಿ ಅದು ಕುಸಿಯಿತು. ಎತ್ತುಗಳು ಉಳಿದವು. ಮುರಿದ ಅಚ್ಚನ್ನು ಅಂಗಳಕ್ಕೆ ತಂದು ಹಾಕಿದರು. ಗುರುತಿನ ಕಡೆಯಿಂದ ಅರ್ಧಕ್ಕಿಂತ ಹೆಚ್ಚು ಭಾಗ ಕಪ್ಪಾಗಿ, ತಿಕ್ಕಿದಂತೆ ನುಣುಪಾಗಿತ್ತು. ಉಳಿದಷ್ಟು ಈಗಷ್ಟೇ ಒಡೆದ ಬೆಲ್ಲದ ಹಾಗೆ ಹರಳು ಹರಳು. ಸೀಳದೆ ಉಳಿದ ಅಷ್ಟರ ಮೇಲೆಯೇ ಅದು ಹೇರು ಹೊತ್ತಿತ್ತು.

ಮಾವ ಅದನ್ನು ನೋಡಿದರು. ಕಟ್ಟೆಯ ಮೇಲೆ ಕೂತಿದ್ದ ಮಗಳನ್ನು ನೋಡಿದರು.

ಹೊಸ ಅಚ್ಚು ಬಂದಾಗ ಅವರ ಕೈ ಮತ್ತೆ ಚಾಣಕ್ಕೆ ಹೋಯಿತು. ಗೆರೆ ಕೊರೆಯದೆ ತಡೆದರು. ಬಾಗಿಲ ಕಡೆ ಹೊರಳದೆ ಅತ್ತೆಗೆ ಅಂದರು: "ಗುರುತಿಗೆ ಕೆಮ್ಮಣ್ಣು ಹಚ್ಚಾಕ ನಿನ್ನ ಸೊಸಿಗೆ ಹೇಳು."

ಹಚ್ಚಿದೆ. ಮಳೆಗೆ ತೊಳೆದುಹೋಯಿತು. ಮತ್ತೆ ಹಚ್ಚಿದೆ. ಅದೂ ನನ್ನ ಪಾಲಿಗೇ ಬಂತು.