ಕುಂಕುಮ ಹಚ್ಚಿದ ಕ್ಯಾಸೆಟ್ಟು

ಸಂಗೀತದ ಬಗ್ಗೆ ಒಳ್ಳೆಯ ಸಾಕ್ಷ್ಯಚಿತ್ರ ಯಾವುದಾದರೂ ಹೇಳಿ ಎಂದು ಯಾರಾದರೂ ಕೇಳಿದರೆ ಈಗ ನನಗೆ ಮೈಯೆಲ್ಲ ಉರಿಯುತ್ತದೆ. ಮೊದಲು ಹಾಗಿರಲಿಲ್ಲ. ಬಸವನಗುಡಿಯ ಪಾರ್ಕಿನಲ್ಲಿ ಬೆಳಿಗ್ಗೆ ನನ್ನ ಜೊತೆ ನಡೆಯುವವರಿಗೆ ಅವರು ಕೇಳುವ ಮೊದಲೇ ಪಟ್ಟಿ ಒಪ್ಪಿಸುತ್ತಿದ್ದೆ. ಮೃದಂಗಕ್ಕೆ ಚರ್ಮ ಬಿಗಿಯುವ ಮುದುಕನ ಚಿತ್ರ ನೋಡಿ; ಒಂದು ಗಂಟೆಯಲ್ಲಿ ಆತ ಹತ್ತು ಮಾತೂ ಆಡುವುದಿಲ್ಲ, ಆದರೆ ಚರ್ಮ ತಟ್ಟಿ ಕಿವಿಗೊಟ್ಟು ಕೇಳುವಾಗ ಅವನ ಮುಖ ನೋಡಬೇಕು. ಮದುವೆ ಬ್ಯಾಂಡಿನವರ ಚಿತ್ರ ನೋಡಿ. ದಿನವೆಲ್ಲ ಯಾರದೋ ಮೆರವಣಿಗೆಗೆ ಊದಿ ಊದಿ ದಣಿದವರು ಕೊನೆಗೆ ಗೋಡೌನಿನಲ್ಲಿ ಕೂತು ತಮಗಾಗಿ ಒಂದು ಹಾಡು ನುಡಿಸಿಕೊಳ್ಳುತ್ತಾರೆ. ಯಾವುದೋ ಚಳಿ ದೇಶದ ಅಜ್ಜಿಯರು ಸೇರಿ ಹಾಡುವ ಚಿತ್ರವನ್ನಂತೂ ಮೂರು ಸಲ ನೋಡಿ ಮೂರು ಸಲವೂ ಅತ್ತಿದ್ದೇನೆ. ಊರಿಗೆಲ್ಲ ಹೀಗೆ ಉಪದೇಶ ಮಾಡಿಕೊಂಡು ತಿರುಗಿದ ದೊಡ್ಡ ಮನುಷ್ಯ ನಾನು, ನಮ್ಮ ಮನೆಯಲ್ಲೇ ಇದ್ದ ಒಂದು ಚಿತ್ರವನ್ನು ಒಮ್ಮೆಯೂ ನೋಡಲಿಲ್ಲ. ನೋಡಬೇಕಾದವಳಿಗೂ ನೋಡಲು ಬಿಡಲಿಲ್ಲ.

ಆಕೆ ನಮ್ಮಕ್ಕ. ಇಪ್ಪತ್ತೆರಡರ ವಯಸ್ಸಿನಲ್ಲಿ ಚಾಮರಾಜಪೇಟೆಯ ಒಬ್ಬ ವಯಸ್ಸಾದ ಗುರುಗಳ ಮನೆಗೆ ಹಾಡು ಕಲಿಯಲು ಹೋಗುತ್ತಿದ್ದಳು. ಗಾಂಧಿನಗರದಲ್ಲಿ ಆಫೀಸು ಇಟ್ಟುಕೊಂಡಿದ್ದ ನಿರ್ದೇಶಕರೊಬ್ಬರು ಆ ಗುರುಗಳ ಮೇಲೆ ಒಂದು ಚಿತ್ರ ಮಾಡಿದರು. ಅದರಲ್ಲಿ ಅಕ್ಕ ತಂಬೂರಿ ಹಿಡಿದು ಒಬ್ಬಳೇ ಮೂರು ನಿಮಿಷ ಹಾಡಿದ್ದಾಳೆ. ನನಗಾಗ ಹದಿನೆಂಟು, ಶೂಟಿಂಗ್ ನೋಡಲು ಹೋಗಿ ಮೂಲೆಯಲ್ಲಿ ನಿಂತಿದ್ದೆ. ಕೆಲವು ತಿಂಗಳ ಮೇಲೆ ನಿರ್ದೇಶಕರು ಮನೆಗೇ ಬಂದು ಒಂದು ವಿಡಿಯೊ ಕ್ಯಾಸೆಟ್ಟು ಕೊಟ್ಟು ಹೋದರು. ಅಪ್ಪ ಅದನ್ನು ಕಣ್ಣಿಗೊತ್ತಿಕೊಂಡರು.

ನಮ್ಮ ಮನೆಯಲ್ಲಿ ಕ್ಯಾಸೆಟ್ಟು ಹಾಕುವ ಮಿಷನ್ ಇರಲಿಲ್ಲ. ಪಕ್ಕದ ಮನೆಯಲ್ಲಿತ್ತು. ಆದರೆ ಅದು ಅದೇ ವಾರ ಅವರ ಮಗಳ ಮದುವೆ ಕ್ಯಾಸೆಟ್ಟನ್ನೇ ಜಗಿದು, ಟೇಪನ್ನು ಶ್ಯಾವಿಗೆಯ ಹಾಗೆ ಹೊರಗೆ ಚೆಲ್ಲಿತ್ತು. ಅಪ್ಪ ಹೆದರಿಬಿಟ್ಟರು. "ಇದು ಸರಸ್ವತಿ ಇದ್ದ ಹಾಗೆ. ಕಂಡಕಂಡ ಮಿಷನ್‌ಗೆಲ್ಲ ಹಾಕ್ಬೇಡಿ, ದೇವ್ರತ್ರ ಇರ್ಲಿ" ಎಂದರು. ಕ್ಯಾಸೆಟ್ಟು ದೇವರ ಗೂಡು ಸೇರಿತು.

ಅಪ್ಪನಿಗೆ ನಗರ್ತಪೇಟೆಯಲ್ಲಿ ತಕ್ಕಡಿ ಅಂಗಡಿ. ಅನ್ನ ಕೊಡುವ ವಸ್ತುವನ್ನು ಪೂಜೆ ಮಾಡದೆ ಬಿಡುವ ಜಾತಿಯೇ ಅಲ್ಲ ನಮ್ಮದು. ಆಯುಧಪೂಜೆ ಬಂತೆಂದರೆ ತಕ್ಕಡಿ, ತೂಕದ ಬಟ್ಟು, ಸುತ್ತಿಗೆ, ಸ್ಕೂಟರು, ಕೊನೆಗೆ ಅಂಗಡಿಯ ಶಟರಿಗೂ ಅರಿಶಿನ ಕುಂಕುಮ. ಆ ಸಾಲಿನಲ್ಲಿ ಕ್ಯಾಸೆಟ್ಟೂ ಕೂರತೊಡಗಿತು. ಅಪ್ಪ ಹೋದ ಮೇಲೆ ಅಂಗಡಿಯೂ ಪೂಜೆಯೂ ನನ್ನ ಪಾಲಿಗೆ ಬಂದವು. ನಾನು ಅಪ್ಪನಿಗಿಂತ ಒಂದು ಕೈ ಮೇಲೆ. ಗಂಧ ತೇಯ್ದು ಬಳಿದೆ, ಹೂವಿನಲ್ಲಿ ನೀರು ಅದ್ದಿ ಚಿಮುಕಿಸಿದೆ, ಕುಂಕುಮ ಉದುರುವಷ್ಟು ಹಚ್ಚಿದೆ. ವರ್ಷ ವರ್ಷವೂ ಇದೇ ಭಕ್ತಿ.

ಅಕ್ಕ ಮದುವೆಯಾಗಲಿಲ್ಲ, ನಮ್ಮ ಜೊತೆಯೇ ಉಳಿದಳು. ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಅರವತ್ತು ಮಕ್ಕಳ ಕ್ಲಾಸಿನಲ್ಲಿ ಕೂಗಿ ಕೂಗಿ ಕೆಲವೇ ವರ್ಷಗಳಲ್ಲಿ ಅವಳ ಧ್ವನಿ ಒಡೆದು ಗೊಗ್ಗರಾಯಿತು. ಹಾಡುವುದನ್ನು ಬಿಟ್ಟಳು. ಮುಂದೆ ಎಲ್ಲರ ಕೈಗೂ ಫೋನು ಬಂದು, ಯಾರಾದರೂ ಒಂದು ಹಾಡು ಹೇಳಿ ಅಕ್ಕ, ರೆಕಾರ್ಡ್ ಮಾಡ್ತೀವಿ ಎಂದರೆ, "ಈ ತಗಡಿನ ಶಬ್ದ ಯಾರಿಗ್ರೋ ಬೇಕು?" ಎಂದು ಎದ್ದು ಹೋಗುತ್ತಿದ್ದಳು. ಪೂಜೆಯ ದಿನ ಮಾತ್ರ ತಪ್ಪದೆ ಕೇಳುತ್ತಿದ್ದಳು.

"ಒಂದ್ಸಲ ಹಾಕ್ಸೋ ಅದನ್ನ."

"ಇರಕ್ಕ, ಒಳ್ಳೆ ಮಿಷನ್ ಸಿಗ್ಲಿ. ಹಾಳಾಗ್ಬಿಟ್ರೆ ಏನ್ ಮಾಡೋಣ?"

ಇದನ್ನು ನಾನು ಎಷ್ಟು ವರ್ಷ ಹೇಳಿದೆನೋ ಲೆಕ್ಕವಿಲ್ಲ.

ಹೋದ ವರ್ಷ ಅವಳ ಗಂಟಲಲ್ಲಿ ಗಡ್ಡೆ ಕಂಡಿತು. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕು, ಬೇರೆ ದಾರಿಯಿಲ್ಲ, ಹತ್ತು ದಿನದಲ್ಲಿ ಆಪರೇಷನ್ ಎಂದರು ಡಾಕ್ಟರು. ಆಟೋದಲ್ಲಿ ಮನೆಗೆ ಬರುವಾಗ ಅಕ್ಕ ಅಳಲಿಲ್ಲ. ನನ್ನ ಮುಂಗೈ ಹಿಡಿದುಕೊಂಡು, ಇದ್ದ ಚೂರುಪಾರು ಧ್ವನಿಯಲ್ಲಿ ಹೇಳಿದಳು.

"ನಾನು ಹಾಡ್ತಿದ್ದಿದ್ದನ್ನ ಒಳಗಿಂದಷ್ಟೇ ಕೇಳಿರೋದು ಕಣೋ. ಹೊರಗಿಂದ ಹೇಗಿತ್ತು ಅಂತ ಒಂದ್ಸಲನೂ ಕೇಳಿಲ್ಲ. ಇರೋ ಧ್ವನಿ ಹೋಗೋಕೆ ಮುಂಚೆ ಅದನ್ನ ಕೇಳಿಸ್ಬಿಡು."

ಹುಚ್ಚು ನಾಯಿಯ ಹಾಗೆ ಓಡಿದೆ. ಮೊದಲು ಗಾಂಧಿನಗರ. ನಿರ್ದೇಶಕರು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಆಫೀಸು ಇದ್ದ ಮಹಡಿಯಲ್ಲಿ ಮೊಬೈಲ್ ಕವರ್ ಮಾರುತ್ತಿದ್ದರು. ಮೂಲ ಪ್ರತಿ ಎಲ್ಲಿದೆ ಎಂದು ಹೇಳುವವರೇ ಇರಲಿಲ್ಲ. ಉಳಿದದ್ದು ನಮ್ಮ ದೇವರ ಗೂಡಿನ ಒಂದೇ ಒಂದು ಪ್ರತಿ. ಹಳೆ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಡುವವರೊಬ್ಬರು ಮಲ್ಲೇಶ್ವರದಲ್ಲಿದ್ದಾರೆ ಎಂದು ತಿಳಿದು, ಅದನ್ನು ಟವೆಲಿನಲ್ಲಿ ಸುತ್ತಿ, ಎದೆಗವಚಿಕೊಂಡು ಬಸ್ಸು ಹತ್ತಿದೆ.

ಆತ ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದ. ಒಳಗೆಲ್ಲ ಕೆಂಪು. ಕುಂಕುಮ ನೀರು ಕುಡಿದು ಹೆಪ್ಪುಗಟ್ಟಿ ಸುರುಳಿಯ ಅಂಚಿಗೆ ಅಂಟಿಕೊಂಡಿತ್ತು. ಅದರ ಮೇಲೆ ಬಿಳಿ ಬೂಷ್ಟು.

"ಅಯ್ಯೋ ಶಿವನೇ! ಯಾರ್ ಸಾರ್ ಇದಕ್ಕೆ ಪೂಜೆ ಮಾಡಿದ್ದು?"

"ನಾನೇ ಕಣಪ್ಪ."

ಆತ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಟೇಪಿನ ಅಂಚನ್ನು ಬೆರಳಿನಿಂದ ತೋರಿಸಿ, "ಚಿತ್ರ ಎಲ್ಲ ಮಧ್ಯದಲ್ಲಿರುತ್ತೆ ಸಾರ್, ಸ್ವಲ್ಪ ಬರಬಹುದು. ಸೌಂಡ್ ಇರೋದು ಇಲ್ಲಿ, ಈ ಅಂಚಲ್ಲಿ. ನೀರು ಇಳಿದಿರೋದೂ ಇಲ್ಲೇ" ಎಂದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಏನಾದ್ರೂ ಮಾಡಪ್ಪ, ನಿನ್ಗೆ ಕೈ ಮುಗೀತೀನಿ ಎಂದೆ. ಒಂದೊಂದು ಗೇಣೂ ಒರೆಸಬೇಕು, ಅವಸರ ಮಾಡಿದರೆ ಹರಿಯುತ್ತದೆ ಎಂದ. ದಿನಾ ಫೋನು ಮಾಡಿದೆ. ದಿನಾ ಅದೇ ಉತ್ತರ. ಆಪರೇಷನ್ ದಿನ ಬೆಳಿಗ್ಗೆ ಸ್ಟ್ರೆಚರಿನ ಮೇಲಿದ್ದ ಅಕ್ಕ ಹುಬ್ಬೆತ್ತಿ ಕೇಳಿದಳು. ಇನ್ನೂ ಆಗಿಲ್ಲಕ್ಕ ಎಂದೆ. "ಹೋಗ್ಲಿ ಬಿಡು, ಕಿವಿ ಇರುತ್ತಲ್ಲ" ಎಂದಳು. ಅವಳ ಬಾಯಿಂದ ಬಂದ ಕೊನೆಯ ಮಾತು ಅದು.

ಪೆನ್‌ಡ್ರೈವ್ ಕೈಗೆ ಬಂದದ್ದು ಅವಳು ಆಸ್ಪತ್ರೆಯಿಂದ ಮನೆಗೆ ಬಂದ ಮೂರನೇ ವಾರ. ಸೌಂಡ್ ಬರಲಿಲ್ಲ ಸಾರ್, ಎಲ್ಲಾ ಥರ ನೋಡ್ದೆ ಎಂದು ಆತ ಹೇಳಿಯೇ ಕೊಟ್ಟಿದ್ದ. ಅಕ್ಕನಿಗೂ ಹೇಳಿದೆ. ಪರವಾಗಿಲ್ಲ ಹಾಕು ಎಂದು ಕೈಸನ್ನೆ ಮಾಡಿದಳು. ಮಧ್ಯಾಹ್ನ ಕಿಟಕಿಯ ಪರದೆ ಎಳೆದು ಟೀವಿಗೆ ಹಾಕಿದೆ. ಗೆರೆ ಗೆರೆಯ ನಡುವೆ ಗುರುಗಳು ಕಂಡರು. ಆಮೇಲೆ ಅಕ್ಕ, ಹಸಿರು ಸೀರೆ, ಎರಡು ಜಡೆ. ಬಾಯಿ ತೆರೆಯುತ್ತಾಳೆ, ಕಣ್ಣು ಮುಚ್ಚುತ್ತಾಳೆ, ಕೊರಳ ನರ ಉಬ್ಬುತ್ತದೆ. ಬರೀ ಸುಯ್ ಎನ್ನುವ ಸದ್ದು. ನಾನು ಹುಚ್ಚನ ಹಾಗೆ ವಾಲ್ಯೂಮ್ ಏರಿಸುತ್ತಲೇ ಇದ್ದೆ. ಸುಯ್ ಎನ್ನುವುದು ಜೋರಾಯಿತು, ಅಷ್ಟೇ. ಅಕ್ಕ ನನ್ನ ಕೈಯಿಂದ ರಿಮೋಟು ಕಿತ್ತುಕೊಂಡು ಸದ್ದು ಪೂರ್ತಿ ಇಳಿಸಿದಳು.

ಮೂರು ನಿಮಿಷ ಮುಗಿದ ಮೇಲೆ ಸ್ಲೇಟು ತೆಗೆದುಕೊಂಡು ಬರೆದಳು. "ಆವತ್ತು ಕೇಳಿದವರಲ್ಲಿ ಉಳಿದಿರೋನು ನೀನೊಬ್ಬ. ಹೇಗಿತ್ತು?"

ನಾನು ಕಣ್ಣು ಮುಚ್ಚಿದೆ. ಗುರುಗಳ ಮನೆಯಲ್ಲಿ ಕೊಟ್ಟ ಕಾಫಿಗೆ ಸಕ್ಕರೆ ಹೆಚ್ಚಾಗಿದ್ದದ್ದು ನೆನಪಾಯಿತು. ಜಮಖಾನದ ಬಣ್ಣ ನೆನಪಾಯಿತು. ಧ್ವನಿಗಾಗಿ ತಡಕಿದೆ, ಇನ್ನೂ ತಡಕಿದೆ. ಸಿಕ್ಕಿದ್ದು ಆ ಗೊಗ್ಗರು ಧ್ವನಿಯೇ: ಗ್ಯಾಸ್ ಆಫ್ ಮಾಡೋ, ಮಾತ್ರೆ ತಗೊಂಡ್ಯಾ, ಬಾಗ್ಲು ಹಾಕ್ಕೊ.

"ಚೆನ್ನಾಗಿತ್ತಕ್ಕ" ಎಂದೆ. "ತುಂಬಾ ಚೆನ್ನಾಗಿತ್ತು."

ಪಕ್ಕದವನ ಉತ್ತರ ಕಾಪಿ ಹೊಡೆದ ಹುಡುಗನನ್ನು ನೋಡುವಂತೆ ನನ್ನ ಮುಖವನ್ನೇ ನೋಡಿದಳು. ಸ್ಲೇಟು ಒರೆಸಿ, ನಿಧಾನವಾಗಿ ಬರೆದು ನನ್ನ ಕಡೆ ತಿರುಗಿಸಿದಳು.

"ನಿನಗೂ ಮರ್ತುಹೋಗಿದೆ."